ಒಂದೇ ವಿಳಾಸದ ಹಿಂದೆ ಎರಡು ಊರು

ನನ್ನ ಸಿಟ್ಟು ಈಗಲೂ ಇಳಿದಿಲ್ಲ. ಇಳಿಯುವುದೂ ಬೇಡ.

ಚಿತ್ರದುರ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಹೊಸದುರ್ಗದಲ್ಲೊಂದು, ಹೊಳಲ್ಕೆರೆಯಲ್ಲೊಂದು ಅದರ ಶಾಖೆ. ರೋಗಿಗಳ ರಿಪೋರ್ಟು ಕಂಡವರ ಕಣ್ಣಿಗೆ ಬೀಳಬಾರದೆಂದು ಎರಡೂ ಕಡೆಯಿಂದ ಚಿತ್ರದುರ್ಗದ ಸರ್ವರಿಗೆ ಬೀಗ ಹಾಕಿದಂಥ, ಎನ್‌ಕ್ರಿಪ್ಟ್ ಆದ ಸಂಪರ್ಕ ಕೊಟ್ಟಿದ್ದೆ. ಸಂಪರ್ಕ ಕಟ್ಟಾದರೆ ಇಂಟರ್ನೆಟ್ ಡಬ್ಬಿ ಆಫ್ ಮಾಡಿ ಆನ್ ಮಾಡಿ ಎಂದು ಎರಡೂ ಕಡೆ ಗೋಡೆಗೆ ಚೀಟಿ ಅಂಟಿಸಿದವನೂ ನಾನೇ.

ಹೊಳಲ್ಕೆರೆಯಲ್ಲಿ ಕೂರುತ್ತಿದ್ದ ಹೆಣ್ಣುಮಗಳು ದಿನಾ ಫೋನ್ ಮಾಡುವಳು. "ಸಾರ್, ಮತ್ತೆ ಹೋತು. ಹೊಸದುರ್ಗದೋರು ಆನ್ ಮಾಡಿದ್ರೆ ನಮ್ದು ಹೋಗ್ತೈತೆ. ಅವರನ್ನ ಕೇಳಿ ಟೈಮ್ ಬರ್ಕಂಡೀನಿ ಸಾರ್."

"ಅವರೂರಿನ ಡಬ್ಬಿಗೂ ನಿಮ್ಮೂರಿನ ಡಬ್ಬಿಗೂ ಏನಮ್ಮ ಸಂಬಂಧ? ನೀನೇ ಸ್ವಿಚ್ ಒತ್ತಿ ಒತ್ತಿ ಹಾಳ್ಮಾಡ್ತಿದೀಯ" ಎಂದು ರೇಗಿದೆ. ಅದನ್ನೇ ಮಾಲೀಕರ ಕಿವಿಗೂ ಹಾಕಿದೆ. ನನ್ನ ಮೇಲೆ ಬರಬಾರದಲ್ಲ! ಅವರು "ಶನಿವಾರದ ತನಕ ನೋಡ್ತೀನಿ, ಆಮೇಲೆ ಆಕೆನ ಕೆಲ್ಸದಿಂದ ತೆಗೀತೀನಿ" ಎಂದರು.

ಆಗ ನನಗೆ ಭಯವಾಯಿತು. ಆಕೆ ಬರೆದಿಟ್ಟ ಪುಟದ ಫೋಟೋ ತರಿಸಿಕೊಂಡು ಸರ್ವರಿನ ದಾಖಲೆ ಎದುರಿಗಿಟ್ಟು ನೋಡಿದೆ. ಒಂದೊಂದು ನಿಮಿಷವೂ ತಾಳೆಯಾಗುತ್ತಿತ್ತು. ಇಂಟರ್ನೆಟ್ ಕಂಪನಿಯವರು ಎರಡೂ ಶಾಖೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಿದ್ದರು. ಒಂದೇ ಮನೆಗೆ ಎರಡು ಬಾಗಿಲಿದ್ದಂತೆ, ಪೋರ್ಟ್ ಸಂಖ್ಯೆ ಮಾತ್ರ ಬೇರೆ ಬೇರೆ. ಸರ್ವರಿನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಆ ಸಂಖ್ಯೆಯನ್ನು ಕಣ್ಣೆತ್ತಿಯೂ ನೋಡದೆ, ಇಬ್ಬರಿಗೂ ಹೋಗಬೇಕಾದ ಉತ್ತರವನ್ನು ಕೊನೆಗೆ ಬಂದವರ ಬೀಗ ಹಾಕಿ ಅವರಿಗೇ ಕಳಿಸುತ್ತಿತ್ತು. ಹೊಳಲ್ಕೆರೆಯಲ್ಲಿ ಕಟ್ಟಾದರೆ ಈಕೆ ಚೀಟಿ ನೋಡಿ ಆಫ್ ಆನ್ ಮಾಡುವಳು, ಹೊಸದುರ್ಗದಲ್ಲಿ ಕಟ್ಟಾಗುವುದು, ಅಲ್ಲಿಯವಳೂ ಚೀಟಿ ನೋಡುವಳು. ನಾನು ಹೇಳಿಕೊಟ್ಟಿದ್ದನ್ನು ಇಬ್ಬರೂ ಚಾಚೂ ತಪ್ಪದೆ ಮಾಡುತ್ತಿದ್ದರು, ಅಷ್ಟೇ.

ವಿಳಾಸದ ಜೊತೆ ಪೋರ್ಟನ್ನೂ ಹೋಲಿಸುವಂತೆ ಕರ್ನಲ್ಲಿನಲ್ಲಿ ಬದಲಿಸಬೇಕಾಗಿದ್ದು ಕೆಲವೇ ಸಾಲು. ಆ ಸಾಲು ಸಿಗುವುದಕ್ಕೆ ವಾರವೆಲ್ಲ ಹಿಡಿಯಿತು. ಅಷ್ಟು ದಿನದಲ್ಲಿ ಮಾಲೀಕರಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಸರಿ ಮಾಡಿಯೇ ಹೇಳಿದರೆ ಮರ್ಯಾದೆ ಉಳಿಯುತ್ತದೆ ಎಂದುಕೊಂಡೆ. ಥೂ, ನನ್ನ ಮರ್ಯಾದೆಗಿಷ್ಟು! ಶನಿವಾರ ಮಧ್ಯಾಹ್ನ ಹೊಸ ಕರ್ನಲ್ ಹಾಕಿ ಸರ್ವರ್ ಮತ್ತೆ ಶುರು ಮಾಡಿದೆ. ಎರಡೂ ಊರಿನ ಸಂಪರ್ಕ ಕಟ್ಟಾಗದೆ ಒಟ್ಟಿಗೆ ನಿಂತಿತು.

ಸೋಮವಾರ ಖುದ್ದಾಗಿ ಹೇಳೋಣವೆಂದು ಹೊಳಲ್ಕೆರೆಗೆ ಹೋದೆ. ಆಕೆಯ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದಲ್ಲಿ ಮಾಲೀಕರು.

"ಬರ್ರಿ, ಕುಂತ್ಕಳ್ರಿ. ನೀವು ಹೇಳಿದ್ದೇ ನಿಜ ಆತು. ಶನಿವಾರ ಆಕೆನ ಕಳಿಸಿದ್ದೇ ಕಳಿಸಿದ್ದು, ಅವತ್ತಿಂದ ಒಂದ್ಸಲಾನೂ ಕಟ್ಟಾಗಿಲ್ಲ ನೋಡ್ರಿ."

ತಪ್ಪು ಸರ್ವರಿನದು, ನನ್ನದು, ಆಕೆಯದು ಎಳ್ಳಷ್ಟೂ ಇಲ್ಲ ಎಂದು ಕೂಗಾಡಿದೆ. ಕರ್ನಲ್ಲು, ಪೋರ್ಟು, ವಿಳಾಸ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕೊನೆತನಕ ಕೇಳಿ, ಮುಗುಳ್ನಕ್ಕು ನನ್ನ ಭುಜ ತಟ್ಟಿದರು.

"ಆಕೆ ನಿಮಗೆ ಫೋನ್ ಮಾಡಿ ಅತ್ಲೇನು?"