ಎಂಟು ನಿಮಿಷ ಕೆಲಸ ನಿಲ್ಲಿಸಿದ ಬೊಡಿಲ್

ಬೊಡಿಲ್ ಮಾಲ್ಮೋದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಪರೇಷನ್ ಕೋಣೆಯ ನರ್ಸ್. ರೋಬೋಟ್ ಬಂದಮೇಲೆ ಡಾಕ್ಟರ್ ಮೂಲೆಯ ಪೆಟ್ಟಿಗೆಗೆ ಮುಖ ತೂರಿಸಿ ಬೆರಳಾಡಿಸಿ ಅದರ ಕೈಗಳನ್ನು ನಡೆಸುತ್ತಾನೆ, ರೋಗಿಯ ಪಕ್ಕ ನಿಂತು ರಕ್ತ ಹೀರುವ ನಳಿಕೆ ಹಿಡಿಯುವವಳು ಇವಳು. ಕೈ ಒರಟು, ನಾಲಿಗೆಯೂ ಒರಟು.

ನಮ್ಮ ಯಿಂಗ್ವೆ ಹಡಗುಕಟ್ಟೆಯ ವೆಲ್ಡರ್. ವೆಲ್ಡಿಂಗ್ ರೋಬೋಟ್ ಬರಕೂಡದೆಂದು ಎಂಬತ್ತರ ದಶಕದಲ್ಲಿ ಗೇಟಿಗೆ ಅಡ್ಡ ಮಲಗಿದವನು. ಪಕ್ಕದಲ್ಲಿ ನಾನೂ ಮಲಗಿದ್ದೆ. ಈಗ ಅವನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ತೆಗೆಯುವುದು ರೋಬೋಟ್. ಬೇಡಿಕೆ ಪಟ್ಟಿ ಟೈಪ್ ಮಾಡಿಕೊಂಡೇ ಆಸ್ಪತ್ರೆಗೆ ಹೋದ.

"ನಾಲ್ಕನೇದು ಓದು" ಅಂದ.

ಬೊಡಿಲ್ ಓದಿದಳು: ರಕ್ತ ಬಂದಲ್ಲಿ, ಅದನ್ನು ನಿಲ್ಲಿಸಲು ಎಡಗಡೆ ನರದ ಬಳಿ ಕರೆಂಟಿನಿಂದ ಸುಡಕೂಡದು. ಕೆಲಸ ನಿಲ್ಲಿಸತಕ್ಕದ್ದು.

"ಎಡಗಡೆ ಮಾತ್ರ ಯಾಕೋ?"

"ಬಲಗಡೆ ನರಕ್ಕೆ ಕ್ಯಾನ್ಸರ್ ಅಂಟಿದೆ, ಅದು ಹೋಯ್ತು ಅನ್ಕೋ. ಹಾಸಿಗೇಲಿ ಎದ್ದು ನಿಲ್ಲೋಕೆ ಉಳಿದಿರೋ ನರ ಇದೊಂದೇ. ನನ್ನ ಹೆಂಡ್ತಿ ಸಿವ್‌ಗೆ ಅರವತ್ತೆಂಟು. ಅವಳಿನ್ನೂ ರಾಜೀನಾಮೆ ಕೊಟ್ಟಿಲ್ಲ."

ಬೊಡಿಲ್ ನಗದೆ ಸಹಿ ಹಾಕಿದಳು.

ಮಂಗಳವಾರ ಬೆಳಿಗ್ಗೆ ಗ್ರಂಥಿ ಬಿಡಿಸಿದ್ದಾಯಿತು. ಅಷ್ಟರಲ್ಲಿ ಎಡ ನರದ ಮಗ್ಗುಲಲ್ಲೇ ರಕ್ತ ಒಸರಿ ಪರದೆಯೆಲ್ಲ ಕೆಂಪಾಯಿತು.

"ಒಂದೇ ಒಂದ್ಸಲ ಸುಡ್ತೀನಿ" ಅಂದ ಡಾಕ್ಟರ್ ಕಾಸ್ಪರ್, ಪೆಟ್ಟಿಗೆಯೊಳಗಿಂದ.

"ಸುಡೋ ಹಾಗಿಲ್ಲ. ಸಹಿ ಹಾಕಿದೀನಿ" ಅಂದಳು ಬೊಡಿಲ್.

"ಹಾಕಿದ್ದು ನೀನು, ನಾನಲ್ಲ."

"ಹಾಗಾದ್ರೆ ನನ್ನ ಮಾತು ಕೇಳು. ಬಟ್ಟೆತುಂಡು ಇಟ್ಟು ಒತ್ತು. ಅನಿಲ ಏರಿಸ್ರೋ."

ಹೊಟ್ಟೆಗೆ ತುಂಬಿದ್ದ ಅನಿಲ ಏರಿಸಿದರು. ಹೊಟ್ಟೆ ನಗಾರಿಯಾಯಿತು, ಒಳಗಿನ ರಕ್ತನಾಳಗಳು ಚಪ್ಪಟೆಯಾದವು.

"ಇನ್ನು ಎಂಟು ನಿಮಿಷ ಯಾರೂ ಏನೂ ಮಾಡ್ಬಾರ್ದು."

ಯಾರೂ ಮಾಡಲಿಲ್ಲ. ರೋಬೋಟ್ ಕೂಡ ಒತ್ತಿದ ಕೈ ಒತ್ತಿಯೇ ನಿಂತಿತು. ಒಂಬತ್ತೂವರೆಗೆ ಒಬ್ಬರನ್ನು ಕಾಫಿಗೆ ಬಿಡಿಸಲು ಬಂದ ನರ್ಸ್ ಆನೆಲಿ ಇಣುಕಿದರೆ, ಆರು ಜನ ಕಲ್ಲಿನಂತೆ ನಿಂತಿದ್ದಾರೆ. ಅರಿವಳಿಕೆ ಕೊಡುವ ಹೊಕಾನ್ ಪಿಸುಗುಟ್ಟಿದ: "ನಾಲ್ಕನೇ ಬೇಡಿಕೆ ಪ್ರಕಾರ ಕೆಲಸ ನಿಲ್ಸಿದೀವಿ."

ಆನೆಲಿ ಇದು ಮುಷ್ಕರವೆಂದುಕೊಂಡು ನೆಟ್ಟಗೆ ನೌಕರರ ಸಂಘದ ಪ್ರತಿನಿಧಿ ತೂರೆಯ ಬಳಿ ಓಡಿದಳು. ಐದನೇ ನಿಮಿಷಕ್ಕೆ ತೂರೆ ಕಾಗದ ಹಿಡಿದು ಬಾಗಿಲ ಸಂದಿಯಲ್ಲಿ ಹಾಜರು.

"ಬೊಡಿಲ್, ಮುಷ್ಕರಕ್ಕೆ ಏಳು ದಿನ ಮುಂಚೆ ನೋಟಿಸ್ ಕೊಡ್ಬೇಕು."

"ರಕ್ತ ಕೊಟ್ಟಿತ್ತಾ ನೋಟಿಸು?"

"ಎಷ್ಟು ಜನ ಭಾಗವಹಿಸಿದೀರಿ?"

"ರೋಬೋಟ್ ಸೇರಿ ಏಳು."

"ರೋಬೋಟ್ ಸಂಘದ ಸದಸ್ಯ ಅಲ್ಲ" ಎಂದು ತೂರೆ ಬರೆದುಕೊಂಡ.

"ಆದ್ರೂ ನಿನಗಿಂತ ಗಟ್ಟಿ ನಿಂತಿದೆ. ಬಾಯ್ಮುಚ್ಚಿ ನೀನೂ ನಿಂತ್ಕೋ."

ತೂರೆ ನಿಂತುಕೊಂಡ.

ಎಂಟು ನಿಮಿಷವಾಯಿತು. ಬಟ್ಟೆ ಎತ್ತಿದರೆ ಒಣಗಿತ್ತು. ಕಾಸ್ಪರ್ ಮುಂದಿನ ಹೊಲಿಗೆಗೆ ಹೊರಟ.

"ತಡಿ" ಅಂದಳು ಬೊಡಿಲ್. "ಅನಿಲ ಇಳ್ಸು ಮೊದ್ಲು. ಅದುಮಿ ಹಿಡಿದಾಗ ಎಲ್ಲಾ ತೆಪ್ಪಗಿರ್ತವೆ. ಬಿಟ್ಟಾಗ ನೋಡ್ಬೇಕು."

ಗೇಟಿನ ಮುಂದೆ ನಾವು ಕಲಿತದ್ದೂ ಅದನ್ನೇ. ಇಳಿಸಿದರೆ ಒಂದು ಕಡೆ ಮತ್ತೆ ಜಿನುಗಿತು. ಸುಡದೆ, ಸಣ್ಣ ದಾರದಲ್ಲಿ ಒಂದು ಹೊಲಿಗೆ ಹಾಕಿಸಿದಳು. ಆಮೇಲೆ ಮೂತ್ರಕೋಶವನ್ನು ಮೂತ್ರನಾಳಕ್ಕೆ ಹೊಲಿದು, ಹೊಟ್ಟೆ ಮುಚ್ಚಿದರು.

ನೋಟಿಸಿಲ್ಲದೆ ಎಂಟು ನಿಮಿಷ ಕೆಲಸ ನಿಲ್ಲಿಸಿದ್ದಕ್ಕೆ ಬೊಡಿಲ್‌ಗೆ ಎಚ್ಚರಿಕೆ ಪತ್ರ ಬಂತು. ಕಾಫಿ ಕೋಣೆಯ ಗೋಡೆಗೆ ಅಂಟಿಸಿದಳು.

ಹನ್ನೊಂದು ತಿಂಗಳಾದ ಮೇಲೆ ಯಿಂಗ್ವೆ, ಸಿವ್ ಇಬ್ಬರೂ ಆ ಕೋಣೆಗೆ ಬಂದರು. ಎಲ್ಲರೂ ಅವನ ಮುಖ ನೋಡಿದರು, ಕೇಳುವ ಧೈರ್ಯ ಯಾರಿಗೂ ಇಲ್ಲ. ಅವನು ಪೆನ್ನು ತೆಗೆದು ಪತ್ರದ ಕೆಳಗೆ ಬರೆದ: ನಾಲ್ಕನೇ ಬೇಡಿಕೆ ಈಡೇರಿದೆ.

ಸಿವ್ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿ, ಸಾಕ್ಷಿ ಸಹಿ ಹಾಕಿದಳು.