ಯಾರು ಮುಟ್ಟಿದ್ದು ಇದನ್ನ?

ಅಳಿಯ ಕಂಪ್ಯೂಟರ್ ರಿಪೇರಿಗೆ ಕೂತನೆಂದರೆ ಅಡುಗೆಮನೆಯ ಮಿಕ್ಸಿಯೂ ಬಾಯಿ ಮುಚ್ಚಿಕೊಳ್ಳಬೇಕು. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಮೊದಲ ಮಾತು ಯಾವಾಗಲೂ ಒಂದೇ: "ಯಾರು ಮುಟ್ಟಿದ್ದು ಇದನ್ನ?" ಕಲ್ಲಿಗೆ ಬಟ್ಟೆ ಕುಕ್ಕಿದ ಹಾಗೆ ಕೀಬೋರ್ಡ್ ಕುಟ್ಟುತ್ತಾನೆ. ಟರ್ಮಿನಲ್ ಅನ್ನುವ ಕಪ್ಪು ಕಿಟಕಿಯನ್ನು ಮುಚ್ಚಿ, ಇನ್ನೊಂದು ತೆರೆದು, ಅದಕ್ಕೂ ಬೈಯುತ್ತಾನೆ: "ಪಕ್ಕದ ಕಿಟಕಿಗೆ ಹೇಳಿದ್ದು ನಿನಗೆ ಕೇಳಿಸಲ್ವಾ? ಒಬ್ಬೊಬ್ಬರ ಕಿವೀಲೂ ಊದ್ಬೇಕಾ?" ಅತ್ತೆ ಊಟಕ್ಕೆ ಕರೆದರೆ, "ನಿಮ್ಮ ಮಗಳೇ ಮುಟ್ಟಿರ್ತಾಳೆ ಅತ್ತೆ, ಕೇಳಿ" ಅನ್ನುತ್ತಾನೆ. "ಹೌದು, ಸೌಟಲ್ಲಿ ಮುಟ್ಟಿದೆ" ಎಂದು ಮಗಳು ಒಳಗಿಂದಲೇ ಉರಿಯುತ್ತಾಳೆ. ಈ ಸಲದ ಸಿಟ್ಟು ಎಲ್ಲಿಂದ ಬಂತೆಂದು ಅತ್ತೆಗೆ ಗೊತ್ತು. ಜೀವಮಾನವೆಲ್ಲ ಟಿಕೆಟ್ ಕೌಂಟರಿನ ಕಪ್ಪು ಪರದೆಯ ಮುಂದೆ ಕೂತಿದ್ದ ಮಾವನಿಗೆ ಲಕ್ವ ಹೊಡೆದು ಮಾತು ನಿಂತಾಗ, ಅಂಥದ್ದೇ ಪರದೆ ಹೊಂದಿಸಿ ಕೊಟ್ಟವನು ಇವನೇ. ಈಗ ಅವರ ಮಾತೆಲ್ಲ ಅದರಲ್ಲಿ ಟೈಪ್ ಮಾಡಿಯೇ. ನಿನ್ನೆಯಿಂದ ಅಲ್ಲಿ ಅಕ್ಷರದ ಬದಲು ಬರೀ ಖಾಲಿ ಚೌಕಗಳು. ಬೆಳಗ್ಗೆ ಇವನು ರಿಪೇರಿಗೆ ಕೂತಾಗಿನಿಂದ, ಕುರ್ಚಿ ಖಾಲಿಯಾದಾಗಲೆಲ್ಲ ಅವರು ಒಂದೇ ಸಾಲನ್ನು ಮತ್ತೆ ಮತ್ತೆ ಒತ್ತುತ್ತಿದ್ದಾರೆ. ಅವರಿಗೆ ಎದೆನೋವೋ ಏನೋ ಎಂದು ಹೆದರಿ ಇವನ ಬೈಗುಳ ಏರುತ್ತಿದೆ. ಕೊನೆಗೂ ಅಳಿಸಿಹೋಗಿದ್ದ ಭಾಷೆಯ ಸೆಟ್ಟಿಂಗ್ ಸಿಕ್ಕಿತು. ಅದನ್ನು ಮತ್ತೆ ಬರೆದು, ಹೊಸ ಕಿಟಕಿ ತೆರೆದು, ಕುರ್ಚಿ ಬಿಟ್ಟುಕೊಟ್ಟ. ಮಾವ ಎಡಗೈಯಲ್ಲಿ ಅದೇ ಸಾಲನ್ನು ನಿಧಾನವಾಗಿ ಒತ್ತಿದರು: "ಅವಳನ್ನ ಬೈಬೇಡಪ್ಪ. ಮುಟ್ಟಿದ್ದು ನಾನು."