ಒಂಬತ್ತಡಿ ಪಿಯಾನೊ ಮತ್ತು ಶಾಹೀನಾಳ ದನಿ

ಮೂರು ವರ್ಷಗಳ ಹಿಂದಿನ ಮಾತು. ಸಂಜಯನಗರದ ಪುಟ್ಟ ಸ್ಟುಡಿಯೊವೊಂದರಲ್ಲಿ ನಾನು ಮಿಕ್ಸಿಂಗ್ ಎಂಜಿನಿಯರ್ ಆಗಿದ್ದೆ. ಬೇರೆಬೇರೆಯಾಗಿ ಮುದ್ರಿಸಿದ ಕಂಠವನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವುದು ನನ್ನ ಕೆಲಸ. ಆಗಷ್ಟೇ ಹೊಸ ವರ್ಚುವಲ್ ಪಿಯಾನೊ ತಂದಿದ್ದೆ. ಒಂಬತ್ತಡಿಯ ನಿಜವಾದ ಗ್ರ್ಯಾಂಡ್ ಪಿಯಾನೊದ ಒಂದೊಂದು ಕೀಯನ್ನೂ ಮೆಲ್ಲಗೆ, ಜೋರಾಗಿ ನುಡಿಸಿ ಮುದ್ರಿಸಿದ ಸ್ಯಾಂಪಲ್‌ಗಳ ಸಂಗ್ರಹ ಅದು. ನಾವು ಕೀಬೋರ್ಡ್ ಒತ್ತಿದರೆ ಕಂಪ್ಯೂಟರು ಆ ಸ್ಯಾಂಪಲ್ಲನ್ನು ಕೇಳಿಸುತ್ತದೆ. ಇನ್ನೂರು ಜಿಬಿ ಜಾಗ ನುಂಗಿದ್ದ ಅದನ್ನು ಬಂದವರಿಗೆಲ್ಲ ಕಾಫಿಗೂ ಮೊದಲೇ ಕೇಳಿಸಿ ಬೀಗುತ್ತಿದ್ದೆ.

ಅದೇ ವಾರ ಒಂದು ಸಿನಿಮಾ ಹಾಡು ಬಂತು. ನಿರ್ಮಾಪಕರು ಕೋಗಿಲು ಬಡಾವಣೆಯ ನಾಗರಾಜ್. ಹಾಡಿದವಳು ಆರ್.ಟಿ. ನಗರದ ಶಾಹೀನಾ, ಆಕೆಗೆ ಇದು ಮೊದಲ ಅವಕಾಶ. ಹಾಡಿನಲ್ಲಿ ಇದ್ದದ್ದು ಕಂಠ ಮತ್ತು ಪಿಯಾನೊ, ಎರಡೇ.

ನನ್ನ ಹೊಸ ಪಿಯಾನೊವನ್ನೇ ಹಾಕಿ ಬೆರೆಸಿದ್ದನ್ನು ಕೇಳಿ ನಾಗರಾಜ್ ಮುಖ ಸಿಂಡರಿಸಿದರು. "ಪಿಯಾನೊ ಸಖತ್ತಾಗಿದೆ ಸಾರ್. ವಾಯ್ಸೇ ಸಾಲ್ತಿಲ್ಲ. ನಾಳೆ ಬೇರೆ ಯಾರ ಕೈಲಾದ್ರೂ ಹಾಡಿಸ್ಬಿಡೋಣ."

ಶಾಹೀನಾ ಅಲ್ಲೇ ಕೂತಿದ್ದಳು. "ಅವ್ರು ಹೇಳೋದು ಸರಿ ಇರ್ಬೇಕು ಸಾರ್," ಎಂದು ಎದ್ದು ನಿಂತಳು. ಹಿಂದಿನ ದಿನ ಅವಳ ಕಂಠವೊಂದನ್ನೇ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

"ಒಂದ್ ಗಂಟೆ ಟೈಮ್ ಕೊಡಿ," ಎಂದು ಇಬ್ಬರನ್ನೂ ಟೀಗೆ ಕಳಿಸಿದೆ.

ಆಮೇಲೆ ಕಿವಿಗೊಟ್ಟು ಕೇಳಿದರೆ ಎಡವಟ್ಟು ನನ್ನದೇ. ಪಿಯಾನೊವನ್ನು ನಾನು ಬರೀ ಅದನ್ನಷ್ಟೇ ನುಡಿಸಿ ಮೆಚ್ಚಿಕೊಂಡಿದ್ದೆ, ಹಾಡಿನ ಜೊತೆ ಪರೀಕ್ಷಿಸಿರಲೇ ಇಲ್ಲ. ಮೈಕುಗಳನ್ನು ತಂತಿಗಳ ಹತ್ತಿರವೇ ಇಟ್ಟು ಮುದ್ರಿಸಿದ್ದರಿಂದ ಅದರ ಹೊಳಪು ವಿಪರೀತ. ಶಾಹೀನಾಳ ಉಸಿರು, ಅಕ್ಷರಗಳ ಅಂಚು ಕೇಳಿಸಬೇಕಾದ ಜಾಗದಲ್ಲೇ ಅದು ಬಂದು ಕೂತಿತ್ತು. ಆ ಹೊಳಪನ್ನು ತಗ್ಗಿಸಿದರೆ ಪಿಯಾನೊ ಸಪ್ಪೆಯಾಗುತ್ತಿತ್ತು.

ಹಳೆಯ ಎರಡು ಪಿಯಾನೊ ಸಂಗ್ರಹಗಳನ್ನು ಹೊರತೆಗೆದು, ಯಾವ ಕೀ ಯಾವಾಗ ಒತ್ತಿದ್ದೆಂದು ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಅದೇ ನುಡಿಸಾಣಿಕೆಯನ್ನು ಅವುಗಳಲ್ಲೂ ಕೇಳಿದೆ. ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಹಾಗಾಗಿ ಮೂರರ ಸದ್ದನ್ನೂ ಸಮ ಮಾಡಿದೆ. ಇಬ್ಬರೂ ಮರಳಿದಾಗ ಯಾವುದು ಯಾವ ಪಿಯಾನೊ ಎಂದು ಹೇಳದೆ, ಪರದೆ ಆರಿಸಿ, ಮೂರನ್ನೂ ಹಾಡಿನ ಜೊತೆ ಕೇಳಿಸಿದೆ.

ಮೂರನೆಯದು ಮುಗಿದಾಗ ನಾಗರಾಜ್ ಕೇಳಿದರು: "ಇದು ಆಯಮ್ಮ ಇನ್ನೊಂದ್ಸಲ ಹಾಡಿದ್ ರೆಕಾರ್ಡಿಂಗಾ?"

"ಇಲ್ಲ ಸಾರ್. ನೀವು ಬೇಡ ಅಂದ್ರಲ್ಲ, ಅದೇ ರೆಕಾರ್ಡಿಂಗು. ಬದಲಾಗಿದ್ದು ಪಿಯಾನೊ."

ಅದು ನನ್ನ ಬಳಿಯಿದ್ದವುಗಳಲ್ಲೇ ಹಳೆಯದು, ಚಿಕ್ಕದು. ಮೆಲ್ಲಗೆ ನುಡಿಸಿದಾಗ ಅದರಷ್ಟು ಚೆಂದ ಬೇರಾವುದೂ ಇರಲಿಲ್ಲ.

ನಾಗರಾಜ್ ಕೈ ಮುಗಿದು ನಕ್ಕರು. "ಹಂಗಾದ್ರೆ ಇವ್ರೇ ಇರ್ಲಿ ಬಿಡಿ."

ಶಾಹೀನಾ ಮಾತ್ರ ನಗಲಿಲ್ಲ. "ಸಾರ್, ನನ್ ದನಿ ಮೊದ್ಲಿಂದಾನೂ ಸರಿಯಾಗೇ ಇತ್ತಾ?"

"ಇತ್ತಮ್ಮ. ತಪ್ಪು ನಂದೇ."

ಎಷ್ಟೋ ದೊಡ್ಡ ಹಾಡುಗಳಿಗೆ ಕೆಲಸ ಮಾಡಿದ್ದೇನೆ. ಆದರೂ ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಮೊದಲು ಕೇಳಿಸುವುದು ಇದನ್ನೇ. ಹಾಡು ಯಾಕೋ ಎದ್ದು ನಿಲ್ಲುತ್ತಿಲ್ಲ ಅನ್ನಿಸಿದರೆ ಈಗ ಹಾಡಿದವರನ್ನು ದೂರುವುದಿಲ್ಲ. ಅವರ ದನಿಯ ಮೇಲೆ ನಾನೇನು ಹೇರಿದ್ದೇನೆ ಎಂದು ಮೊದಲು ನೋಡಿಕೊಳ್ಳುತ್ತೇನೆ.